ಆಕ್ಚುರಿಯಲ್ ಕೆಲಸದ ಮೊದಲ ವರ್ಷ: ‘ಚಿಲ್ಲರೆ ಕೆಲಸ’ವನ್ನು ಯಾವ ಕ್ರಮದಲ್ಲಿ ಮಾಡಬೇಕು?

ದಾವಣಗೆರೆಯಿಂದ ಬೆಂಗಳೂರಿಗೋ ಮುಂಬೈಗೋ ಹೋಗಿ ಆಕ್ಚುರಿಯಲ್ ಕೆಲಸಕ್ಕೆ, ಅಂದರೆ ವಿಮೆ, ಪಿಂಚಣಿಯಲ್ಲಿ ಮುಂದೆ ಎಷ್ಟು ಹಣ ಬೇಕಾಗುತ್ತದೆ ಅಂತ ಲೆಕ್ಕ ಹಾಕುವ ಕೆಲಸಕ್ಕೆ, ಸೇರಿದ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ನನ್ನ ಹತ್ತಿರ ಒಂದೇ ಮಾತು ಹೇಳುತ್ತಾರೆ. ‘ಮೇಡಂ, ಮೂರು ಪೇಪರ್ ಪಾಸ್ ಮಾಡಿದೀನಿ. ಅಲ್ಲಿ ನೋಡಿದ್ರೆ ಬರೀ ಚಿಲ್ಲರೆ ಕೆಲಸ, ಡೇಟಾ ಕಾಪಿ-ಪೇಸ್ಟ್.’ ಸರಿ, ಆ ಕಾಪಿ-ಪೇಸ್ಟ್ ಹೇಗೆ ನಡೀತಿದೆ ಅಂತ ಕೇಳಿದರೆ ಮುಖ ಸಪ್ಪಗಾಗುತ್ತದೆ. ಕಳಿಸಿದ ಫೈಲ್ ಮೂರು ಸಲ ವಾಪಸ್ ಬಂದಿರುತ್ತದೆ.

ಇವರ ಗಣಿತದಲ್ಲಿ ತಪ್ಪಿಲ್ಲ. ಕೆಲಸದ ಕ್ರಮದಲ್ಲಿ ತಪ್ಪಿದೆ. ಎಣಿಸುವ ಮೊದಲೇ ತಿದ್ದುತ್ತಾರೆ, ಕೇಳುವ ಮೊದಲೇ ಅಳಿಸುತ್ತಾರೆ. ಎಲ್ಲರೂ ಅದೇ ಜಾಗದಲ್ಲಿ ಎಡವುತ್ತಿರುವುದರಿಂದ ಹಂತ ಹಂತವಾಗಿ ಬರೆದಿಡುತ್ತಿದ್ದೇನೆ.

## ಬೇಕಾದ ಸಾಮಾನು

ಎಕ್ಸೆಲ್ ಇರುವ ಲ್ಯಾಪ್‌ಟಾಪ್ ಬೇಕು. ಮೊಬೈಲ್‌ನಲ್ಲಿ ಕಲಿಯುವ ಕೆಲಸ ಇದಲ್ಲ. ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಆರ್ (R) ಸಾಫ್ಟ್‌ವೇರ್ ಉಚಿತ, ಇಳಿಸಿಕೊಳ್ಳಿ. ಜೊತೆಗೆ 200 ಪುಟದ ಒಂದು ನೋಟ್‌ಬುಕ್. ನಗಬೇಡಿ, ಮೂರನೇ ಹಂತಕ್ಕೆ ಬಂದಾಗ ಯಾಕೆ ಅಂತ ಗೊತ್ತಾಗುತ್ತದೆ.

ಎಕ್ಸೆಲ್‌ನಲ್ಲಿ ಶುರುವಿಗೆ ಇಷ್ಟು ಬಂದರೆ ಸಾಕು: ಫಿಲ್ಟರ್, ಪಿವಟ್ ಟೇಬಲ್ (ಗುಂಪು ಮಾಡಿ ಒಟ್ಟು ಕೊಡುವುದು), ಸಮ್‌ಇಫ್ಸ್, ಕೌಂಟ್‌ಇಫ್ಸ್, ಎಕ್ಸ್-ಲುಕಪ್ ಅಥವಾ ಇಂಡೆಕ್ಸ್-ಮ್ಯಾಚ್, ಟ್ರಿಮ್, ಮತ್ತೆ ದಿನಾಂಕದ ಲೆಕ್ಕ. ಮ್ಯಾಕ್ರೋ ಆಮೇಲೆ ನೋಡೋಣ. ಮ್ಯಾಕ್ರೋ ಕಲಿತು ದಿನಾಂಕ ಕಲಿಯದವರನ್ನು ನಾನು ಜಾಸ್ತಿ ನೋಡಿದ್ದೇನೆ.

## ಹಂತ 1: ಸೇರುವ ಮುಂಚೆ

ದಾರಿ ಬಹುತೇಕರಿಗೆ ಗೊತ್ತಿದೆ. ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ ನಡೆಸುವ ಎಸಿಇಟಿ ಪ್ರವೇಶ ಪರೀಕ್ಷೆ ಪಾಸಾದರೆ ವಿದ್ಯಾರ್ಥಿ ಸದಸ್ಯರಾಗಬಹುದು. ಆಮೇಲೆ ಸಿಎಸ್ (ಸಂಖ್ಯಾಶಾಸ್ತ್ರ), ಸಿಎಂ (ಆಕ್ಚುರಿಯಲ್ ಗಣಿತ), ಸಿಬಿ (ವ್ಯವಹಾರ) ಅಂತ ಶುರುವಾಗುವ ಪೇಪರ್‌ಗಳು.

ಎಡವುವುದು ಇಲ್ಲಿ: ಸಿಎಸ್1, ಸಿಎಸ್2ರ ಪೇಪರ್ ಬಿ ಇರುವುದು ಆರ್‌ನಲ್ಲಿ. ಸಿಎಂ1, ಸಿಎಂ2ರ ಪೇಪರ್ ಬಿ ಎಕ್ಸೆಲ್‌ನಲ್ಲಿ. ನಮ್ಮ ಕಡೆಯವರು ಪೇಪರ್ ಎ ಚೆನ್ನಾಗಿ ಓದಿ, ಪೇಪರ್ ಬಿ ಕೊನೆಯ ಹತ್ತು ದಿನಕ್ಕೆ ಇಟ್ಟುಕೊಳ್ಳುತ್ತಾರೆ. ಪರೀಕ್ಷೆ ಹೇಗೋ ದಾಟಬಹುದು. ಆದರೆ ಕೆಲಸದ ಮೊದಲ ದಿನ ಕೈಗೆ ಸಿಗುವುದು ಪೇಪರ್ ಬಿ ತರಹದ ಕೆಲಸವೇ.

ಎಚ್ಚರಿಕೆ: ‘ಕೆಲಸ ಗ್ಯಾರಂಟಿ, ಮೊದಲು ಟ್ರೈನಿಂಗ್ ಫೀಸ್ ಕಟ್ಟಿ’ ಅಂತ ಯಾರಾದರೂ ಹೇಳಿದರೆ ಮುಂದೆ ಮಾತಾಡಬೇಡಿ. ತರಬೇತಿ ಕೊಟ್ಟು ಸಂಬಳ ಕೊಡುವುದು ಕಂಪನಿಯ ಕೆಲಸ.

## ಹಂತ 2: ಕೆಲಸ ಕೊಟ್ಟಾಗ ಮೊದಲು ಕೇಳಬೇಕಾದ್ದು

ಫೈಲ್ ಬಂತು ಅಂತ ತಕ್ಷಣ ತೆರೆಯಬೇಡಿ. ನಾಲ್ಕು ಪ್ರಶ್ನೆ ಕೇಳಿ. ಈ ಲೆಕ್ಕ ಯಾವ ತಾರೀಖಿನದು? ಕಳೆದ ಸಲದ ಫೈಲ್ ಎಲ್ಲಿದೆ? ನಾನು ಮಾಡಿದ್ದನ್ನು ಯಾರು ಚೆಕ್ ಮಾಡುತ್ತಾರೆ? ಆಮೇಲೆ ಅದು ಎಲ್ಲಿಗೆ ಹೋಗುತ್ತದೆ?

ಕೊನೆಯ ಪ್ರಶ್ನೆ ಕೇಳಲು ಸಂಕೋಚಪಡುತ್ತಾರೆ. ಆದರೆ ಅದೇ ಮುಖ್ಯ. ನೀವು ತುಂಬಿದ ಒಂದು ಕಾಲಂ ಮುಂದೆ ಮೀಸಲು ನಿಧಿಯ (ಪಾಲಿಸಿದಾರರಿಗೆ ಕೊಡಬೇಕಾದ ಹಣಕ್ಕೆ ಎತ್ತಿಡುವ ಮೊತ್ತದ) ಲೆಕ್ಕಕ್ಕೆ ಹೋಗುತ್ತದೋ ಅಥವಾ ಯಾರದೋ ಪ್ರೆಸೆಂಟೇಷನ್‌ನ ಒಂದು ಚಿತ್ರಕ್ಕೋ ಎನ್ನುವುದರ ಮೇಲೆ ಎಷ್ಟು ಸೂಕ್ಷ್ಮವಾಗಿ ನೋಡಬೇಕು ಅನ್ನುವುದು ನಿಂತಿದೆ.

## ಹಂತ 3: ಮೂಲ ಫೈಲ್ ಮುಟ್ಟಬೇಡಿ, ಎಣಿಸಿ

ಬಂದ ಫೈಲನ್ನು ಹಾಗೇ ಒಂದು ಫೋಲ್ಡರ್‌ಗೆ ಹಾಕಿ, ಓದಲು ಮಾತ್ರ ಅಂತ ಸೆಟ್ ಮಾಡಿ. ಕೆಲಸ ಮಾಡುವುದು ಅದರ ನಕಲಿನ ಮೇಲೆ.

ಈಗ ನೋಟ್‌ಬುಕ್ ತೆಗೆಯಿರಿ. ಎಷ್ಟು ಸಾಲು ಇದೆ, ವಿಮಾ ಮೊತ್ತದ ಒಟ್ಟು ಎಷ್ಟು, ಪ್ರೀಮಿಯಂ ಒಟ್ಟು ಎಷ್ಟು, ಅತಿ ಹಳೆಯ ಹುಟ್ಟಿದ ದಿನಾಂಕ ಯಾವುದು, ಅತಿ ಹೊಸದು ಯಾವುದು. ಐದು ಸಂಖ್ಯೆ ಕೈಯಲ್ಲಿ ಬರೆಯಿರಿ. ಕಂಪ್ಯೂಟರ್‌ನಲ್ಲಿ ಬರೆದರೆ ನೀವೇ ಮುಂದೆ ಅದರ ಮೇಲೆ ಇನ್ನೊಂದು ಪೇಸ್ಟ್ ಮಾಡುತ್ತೀರಿ.

ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸಾದಾ ಅಕ್ಷರದ) ಫೈಲ್ ಬಂದಿದ್ದರೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಒಳಗೆ ತನ್ನಿ, ಪಾಲಿಸಿ ಸಂಖ್ಯೆಯ ಕಾಲಂ ‘ಟೆಕ್ಸ್ಟ್’ ಅಂತ ಹೇಳಿ. ಡಬಲ್ ಕ್ಲಿಕ್ ಮಾಡಿದರೆ 00417 ಎನ್ನುವ ಸಂಖ್ಯೆ 417 ಆಗುತ್ತದೆ. ಎಕ್ಸೆಲ್ 15 ಅಂಕಿಗಳಷ್ಟೇ ನೆನಪಿಡುತ್ತದೆ. 16 ಅಂಕಿಯ ಸಂಖ್ಯೆ ಇದ್ದರೆ ಕೊನೆಯ ಅಂಕಿ ಸುಮ್ನೆ ಸೊನ್ನೆಯಾಗಿಬಿಡುತ್ತದೆ.

ಎಚ್ಚರಿಕೆಯ ಗುರುತು: ಸಾಲುಗಳ ಸಂಖ್ಯೆ ಸರಿಯಾಗಿ 10,48,576 ಇದ್ದರೆ ಫೈಲ್ ಅರ್ಧಕ್ಕೆ ಕತ್ತರಿಸಿದೆ ಅಂತ ತಿಳಿಯಿರಿ. ಒಂದು ಶೀಟ್‌ನಲ್ಲಿ ಹಿಡಿಯುವುದೇ ಅಷ್ಟು ಸಾಲು.

## ಹಂತ 4: ಹೋದ ಸಲದ ಲೆಕ್ಕಕ್ಕೆ ಹೊಂದಿಸಿ

ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಗುಮಾಸ್ತರು ಸಂಜೆ ರೋಕಡಿ ಹೊಂದಿಸುವುದನ್ನು ನೋಡಿದವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಆರಂಭ ಶಿಲ್ಕು, ಜಮಾ, ಖರ್ಚು, ಆಖೈರು ಶಿಲ್ಕು. ಹಣದ ಜಾಗದಲ್ಲಿ ಪಾಲಿಸಿ ಇಟ್ಟುಕೊಳ್ಳಿ, ಅಷ್ಟೇ.

ಒಂದು ಉದಾಹರಣೆ. ಕಳೆದ ತ್ರೈಮಾಸಿಕದ ಕೊನೆಗೆ 4,812 ಪಾಲಿಸಿ ಇದ್ದವು. ಹೊಸದು 365. ನಿಂತುಹೋಗಿದ್ದು ಮತ್ತೆ ಚಾಲೂ ಆಗಿದ್ದು 20. ಸಾವಿನಿಂದ ಹೋಗಿದ್ದು 9, ಅವಧಿ ಮುಗಿದಿದ್ದು 41, ಸರೆಂಡರ್ (ಪಾಲಿಸಿದಾರರೇ ನಡುವೆ ಬಿಟ್ಟುಕೊಟ್ಟಿದ್ದು) 58, ಪ್ರೀಮಿಯಂ ಕಟ್ಟದೆ ನಿಂತಿದ್ದು 112. ಹಾಗಾದರೆ ಈಗ 4,977 ಇರಬೇಕು. ಫೈಲ್‌ನಲ್ಲಿ ಇರುವುದು 4,979.

ಎರಡೇ ಅಲ್ವಾ, ಬಿಡಿ ಅನ್ನಬೇಡಿ. ಆ ಎರಡು ಏನೂ ಇರಬಹುದು. ಒಂದೇ ಪಾಲಿಸಿ ಎರಡು ಸಲ ಬಂದಿರಬಹುದು. ಏಪ್ರಿಲ್ 2ಕ್ಕೆ ಶುರುವಾದ ಪಾಲಿಸಿ ಮಾರ್ಚ್ 31ರ ಫೈಲ್‌ಗೆ ನುಸುಳಿರಬಹುದು. ಅಥವಾ 40 ಹೆಚ್ಚು, 38 ಕಡಿಮೆ ಆಗಿ ಉಳಿದ ವ್ಯತ್ಯಾಸ ಅದಾಗಿರಬಹುದು. ಆಗ ತಪ್ಪು ಎರಡಲ್ಲ, 78.

ಆದ್ದರಿಂದ ಎಣಿಕೆಯಷ್ಟೇ ಅಲ್ಲ, ವಿಮಾ ಮೊತ್ತವನ್ನೂ ಇದೇ ರೀತಿ ಹೊಂದಿಸಿ. ಆಮೇಲೆ ಹಳೆ ಫೈಲ್, ಹೊಸ ಫೈಲ್ ಎರಡರ ಪಾಲಿಸಿ ಸಂಖ್ಯೆ ಪಕ್ಕಪಕ್ಕ ಇಟ್ಟು ಯಾವುದು ಬಂತು, ಯಾವುದು ಹೋಯಿತು ಅಂತ ಪಟ್ಟಿ ಮಾಡಿ.

ಇಲ್ಲಿ ವಿ-ಲುಕಪ್ (ಒಂದು ಪಟ್ಟಿಯ ಸಂಖ್ಯೆಯನ್ನು ಇನ್ನೊಂದರಲ್ಲಿ ಹುಡುಕುವ ಸೂತ್ರ) ಬಳಸುವವರಿಗೆ ಒಂದು ಮಾತು. ನಾಲ್ಕನೇ ಜಾಗದಲ್ಲಿ ‘ಫಾಲ್ಸ್’ ಅಂತ ಕೊಡದಿದ್ದರೆ ಅದು ಹತ್ತಿರದ ಉತ್ತರ ಹುಡುಕಿ ಕೊಡುತ್ತದೆ. ತಪ್ಪು ಅಂತ ತೋರಿಸುವುದೂ ಇಲ್ಲ. ಇಲ್ಲದ ಪಾಲಿಸಿ ಇದೆ ಅಂತ ನಂಬಿಸುತ್ತದೆ.

## ಹಂತ 5: ಈಗ ಕೇರಿ, ಆದರೆ ಕಲ್ಲು ಎಸೆಯಬೇಡಿ

ಎಲ್ಲರೂ ಸೀದಾ ಈ ಹಂತಕ್ಕೆ ಬರುತ್ತಾರೆ. ಬರಬೇಕಾದ್ದು ಈಗ, ಹಿಂದಿನದೆಲ್ಲ ಮುಗಿದ ಮೇಲೆ.

ಮನೆಯಲ್ಲಿ ಅಕ್ಕಿ ಕೇರಿದರೆ ಕಲ್ಲು, ನೆಲ್ಲು ಆಚೆ ಹೋಗುತ್ತವೆ. ಇಲ್ಲಿ ಹಾಗಲ್ಲ. ಸಿಕ್ಕ ಪ್ರತಿ ಕಲ್ಲನ್ನೂ ಬೇರೆ ತಟ್ಟೆಯಲ್ಲಿಟ್ಟು ತೋರಿಸಬೇಕು. ಅಂದರೆ ಸಾಲು ಅಳಿಸಬಾರದು, ಮೂಲ ಮೌಲ್ಯದ ಮೇಲೆ ಬರೆಯಬಾರದು. ಪಕ್ಕದಲ್ಲಿ ಎರಡು ಕಾಲಂ ಸೇರಿಸಿ: ‘ಅನುಮಾನ’ ಮತ್ತು ‘ಏನು ಮಾಡಿದೆ’.

ದಿನಾಂಕ. ಮೊದಲು ನೋಡಬೇಕಾದ್ದು ಇದೇ. ಎಕ್ಸೆಲ್‌ನಲ್ಲಿ ನಿಜವಾದ ದಿನಾಂಕ ಬಲಕ್ಕೆ ಅಂಟಿಕೊಂಡು ಕೂರುತ್ತದೆ, ಅಕ್ಷರ ಅಂತ ಓದಿದ್ದು ಎಡಕ್ಕೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಇದ್ದರೆ ಅಲ್ಲೇ ನಿಲ್ಲಿ. ಕಂಪ್ಯೂಟರ್ ತಿಂಗಳನ್ನು ಮೊದಲು ಓದುವ ಅಮೆರಿಕದ ಸೆಟ್ಟಿಂಗ್‌ನಲ್ಲಿದೆ. 25/08/1990 ಅದಕ್ಕೆ ಅರ್ಥವಾಗದೆ ಎಡಕ್ಕೆ ಉಳಿದಿದೆ. ಅಪಾಯ ಇರುವುದು ಬಲಕ್ಕೆ ಹೋದವುಗಳಲ್ಲಿ. 05/08/1990 ಎನ್ನುವ ಆಗಸ್ಟ್ 5 ಸದ್ದಿಲ್ಲದೆ ಮೇ 8 ಆಗಿದೆ. ಎಡಕ್ಕಿರುವುದನ್ನು ಮಾತ್ರ ಸರಿಮಾಡಿ ಮುಂದೆ ಹೋಗುವುದು ಹೊಸಬರ ಖಾಯಂ ತಪ್ಪು. ಫೈಲನ್ನು ಮತ್ತೆ ಮೊದಲಿನಿಂದ ಒಳಗೆ ತನ್ನಿ.

ಪಿಂಚಣಿ ಫೈಲ್‌ನಲ್ಲಿ ಇನ್ನೊಂದು. ವರ್ಷ ಎರಡೇ ಅಂಕಿಯಲ್ಲಿ, 28 ಅಂತ ಇದ್ದರೆ ಎಕ್ಸೆಲ್ ಅದನ್ನು 2028 ಅಂತ ಓದುತ್ತದೆ. 1928ರಲ್ಲಿ ಹುಟ್ಟಿದ ಅಜ್ಜ ಇನ್ನೂ ಹುಟ್ಟೇ ಇಲ್ಲ.

ಜೂನ್ 1. ನಮ್ಮ ಕಡೆಯ ಹಿರಿಯರ ದಾಖಲೆ ನೋಡಿದರೆ ರಾಶಿ ರಾಶಿ ಜನ ಜೂನ್ 1ಕ್ಕೆ ಹುಟ್ಟಿರುತ್ತಾರೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಮುಂಬೈಯ ಸಹೋದ್ಯೋಗಿ ಅದನ್ನು ನೋಡಿ ಡೇಟಾ ಕೆಟ್ಟಿದೆ ಅನ್ನಬಹುದು. ಕೆಟ್ಟಿಲ್ಲ, ದಾಖಲೆಯಲ್ಲಿ ಇರುವುದೇ ಹಾಗೆ. ಟಿಪ್ಪಣಿ ಬರೆಯಿರಿ, ತಿದ್ದಬೇಡಿ. ಆದರೆ ಜನವರಿ 1, 1900 ಅಂತ ಕಂಡರೆ ಅದು ಬೇರೆ ಕಥೆ. ಅಲ್ಲಿ ಯಾರೋ ಖಾಲಿ ಜಾಗದಲ್ಲಿ 1 ಅಂತ ತುಂಬಿರಬಹುದು; ಎಕ್ಸೆಲ್‌ಗೆ ಆ ತಾರೀಖು ಅಂದರೆ 1.

ವಯಸ್ಸು. ವಯಸ್ಸು ಅಂದರೆ ಯಾವ ವಯಸ್ಸು? 1990ರ ಆಗಸ್ಟ್ 15ಕ್ಕೆ ಹುಟ್ಟಿದವರಿಗೆ 2025ರ ಮಾರ್ಚ್ 31ಕ್ಕೆ ಮುಗಿದ ವಯಸ್ಸು 34, ಹತ್ತಿರದ ವಯಸ್ಸು 35, ಮುಂದಿನ ಹುಟ್ಟುಹಬ್ಬದ ವಯಸ್ಸೂ 35. ಮರಣ ಕೋಷ್ಟಕದಿಂದ ದರ ತೆಗೆಯುವಾಗ ಒಂದು ವರ್ಷ ಆಚೆ ಈಚೆ ಆದರೆ ಎಲ್ಲ ಸಾಲೂ ತಪ್ಪು. ನಮ್ಮಲ್ಲಿ ಬಳಸುವ 2012–14ರ ಭಾರತೀಯ ವಿಮೆದಾರರ ಮರಣ ಕೋಷ್ಟಕವನ್ನು ಒಮ್ಮೆ ತೆರೆದು, ವಯಸ್ಸಿನ ಜೊತೆ ದರ ಹೇಗೆ ಏರುತ್ತದೆ ಅಂತ ಕಣ್ಣಿಂದ ನೋಡಿ. ಪುಸ್ತಕದಲ್ಲಿ ಓದಿದ್ದಕ್ಕಿಂತ ಬೇಗ ತಲೆಗೆ ಹತ್ತುತ್ತದೆ.

ಪ್ರೀಮಿಯಂ. ಕಾಲಂ ತಲೆಯ ಮೇಲೆ ‘ವಾರ್ಷಿಕ’ ಅಂತ ಇರುತ್ತದೆ, ಒಳಗೆ ತಿಂಗಳ ಕಂತು ಇರುತ್ತದೆ. ಪ್ರೀಮಿಯಂ ಭಾಗಿಸು ವಿಮಾ ಮೊತ್ತ ಮಾಡಿ ವಿಂಗಡಿಸಿ. ಒಂದು ಗುಂಪಿನದು ಉಳಿದವರದರ 12ರಲ್ಲಿ ಒಂದು ಭಾಗ ಮಾತ್ರ ಇದ್ದರೆ ಕಳ್ಳ ಸಿಕ್ಕ ಹಾಗೆ.

ಊರು, ಜಿಲ್ಲೆ. ಇಲ್ಲಿ ನಮಗೆ ಅನುಕೂಲ ಇದೆ, ಬಳಸಿಕೊಳ್ಳಿ. ದಾವಣಗೆರೆಯನ್ನು ಇಂಗ್ಲಿಷ್‌ನಲ್ಲಿ ಎರಡು ಮೂರು ರೀತಿ ಬರೆಯುತ್ತಾರೆ. ಪಿವಟ್ ಟೇಬಲ್‌ಗೆ ಅವು ಬೇರೆ ಬೇರೆ ಊರು. ಹಿಂದೆ ಒಂದು ಖಾಲಿ ಜಾಗ ಅಂಟಿದ್ದರೆ ಇನ್ನೊಂದು ಊರು. ಆ ಖಾಲಿ ಜಾಗ ತೆಗೆಯಲೆಂದೇ ಟ್ರಿಮ್.

ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕಿಂತ ಹಳೆಯ ಪಾಲಿಸಿಯಲ್ಲಿ ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆ ಅಂತ ಇರುತ್ತವೆ; ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಅಂತ. ಹರಪನಹಳ್ಳಿಯದು ಇನ್ನೂ ಮಜಾ. ಬಳ್ಳಾರಿಯಿಂದ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, ಈಗ ವಿಜಯನಗರ ಜಿಲ್ಲೆಗೆ. ಜಿಲ್ಲಾವಾರು ಲೆಕ್ಕದಲ್ಲಿ ‘ಚಿತ್ರದುರ್ಗದಲ್ಲಿ ಪಾಲಿಸಿ ಕುಸಿದಿದೆ’ ಅಂತ ಯಾರಾದರೂ ಚಿತ್ರ ಬರೆದರೆ ಮೊದಲು ಇದನ್ನು ನೋಡಿ.

ಬೆಳೆ ವಿಮೆಯ ಫೈಲ್ ಆದರೆ ಊರಿನ ಹೆಸರಿನ ಮೇಲೆ ಜೋಡಿಸಲೇಬೇಡಿ. ಗೊಲ್ಲರಹಟ್ಟಿ, ಹೊಸಹಳ್ಳಿ ಎಷ್ಟಿವೆಯೋ ಲೆಕ್ಕವಿಲ್ಲ. ತಾಲ್ಲೂಕು, ಹೋಬಳಿ, ಗ್ರಾಮ ಪಂಚಾಯಿತಿ ಮೂರೂ ಸೇರಿದ ಕೋಡ್ ಇದ್ದರೆ ಅದರ ಮೇಲೆ ಜೋಡಿಸಿ.

## ನಾನು ಕೆಡಿಸಿದ ಒಂದು ಫೈಲ್

ಸೇರಿ ಐದು ತಿಂಗಳಾಗಿತ್ತು. ಒಂದು ಕಾರ್ಖಾನೆಯ ಗ್ರಾಚ್ಯುಟಿ ಲೆಕ್ಕ. ನೌಕರರ ಸಂಖ್ಯೆ, ಹುಟ್ಟಿದ ದಿನಾಂಕ, ಸೇರಿದ ದಿನಾಂಕ, ಸಂಬಳ, ನಾಲ್ಕೇ ಕಾಲಂ. ಅತಿ ಹಿರಿಯ ನೌಕರ ಯಾರು ಅಂತ ನೋಡಲು ಹುಟ್ಟಿದ ದಿನಾಂಕದ ಕಾಲಂ ಮೇಲೆ ಕ್ಲಿಕ್ ಮಾಡಿ ವಿಂಗಡಿಸಿದೆ. ಎಕ್ಸೆಲ್ ಏನೋ ಕೇಳಿತು. ಓದದೆ ಒತ್ತಿದೆ. ಅದೊಂದೇ ಕಾಲಂ ವಿಂಗಡವಾಯಿತು, ಪಕ್ಕದ್ದೆಲ್ಲ ಇದ್ದಲ್ಲೇ ಉಳಿಯಿತು. ಎಲ್ಲರ ಹುಟ್ಟಿದ ದಿನ ಇನ್ನೊಬ್ಬರಿಗೆ ಹೋಯಿತು.

ನನ್ನ ಚೆಕ್ ಎಲ್ಲ ಪಾಸ್. ಸಾಲು ಅಷ್ಟೇ, ಸಂಬಳದ ಒಟ್ಟು ಅಷ್ಟೇ, ಸರಾಸರಿ ವಯಸ್ಸೂ ಅಷ್ಟೇ. ಯಾಕೆ ಬದಲಾಗುತ್ತದೆ? ಅದೇ ದಿನಾಂಕಗಳು, ಜಾಗ ಮಾತ್ರ ಬೇರೆ. ಹಿರಿಯ ಸಹೋದ್ಯೋಗಿ ಒಂದು ನಿಮಿಷದಲ್ಲಿ ಹಿಡಿದರು. ಸೇರಿದ ದಿನಾಂಕದಿಂದ ಹುಟ್ಟಿದ ದಿನಾಂಕ ಕಳೆದರು. ಒಬ್ಬರು 6ನೇ ವಯಸ್ಸಿಗೆ ಕೆಲಸಕ್ಕೆ ಸೇರಿದ್ದರು.

ಅವತ್ತಿನಿಂದ ಎರಡು ಅಭ್ಯಾಸ. ಫೈಲ್ ಬಂದ ಕೂಡಲೇ 1, 2, 3 ಅಂತ ಕ್ರಮಸಂಖ್ಯೆಯ ಕಾಲಂ ಹಾಕಿ, ಇಡೀ ಪಟ್ಟಿಯನ್ನು ಟೇಬಲ್ ಆಗಿ ಬದಲಿಸುತ್ತೇನೆ. ಆಗ ಒಂದು ಕಾಲಂ ಮಾತ್ರ ಕದಲುವುದಿಲ್ಲ. ಇನ್ನೊಂದು, ಎರಡು ಕಾಲಂಗಳನ್ನು ಒಂದಕ್ಕೊಂದು ಎದುರಿಟ್ಟು ನೋಡುತ್ತೇನೆ: ಸೇರಿದ ವಯಸ್ಸು, ಪಾಲಿಸಿ ಮುಗಿಯುವಾಗಿನ ವಯಸ್ಸು, ಸೇವೆಯ ವರ್ಷಕ್ಕೆ ಸಂಬಳ. ಒಟ್ಟು ಮೊತ್ತ ನೋಡಿದರೆ ಕಳೆದುಹೋದದ್ದು ಗೊತ್ತಾಗುತ್ತದೆ, ಅದಲುಬದಲಾದದ್ದು ಗೊತ್ತಾಗುವುದಿಲ್ಲ.

## ಹಂತ 6: ಮಾಡೆಲ್ ಓಡಿಸುವುದು

ಮಾಡೆಲ್ ಅಂದರೆ ನಿಮ್ಮ ಫೈಲ್ ತೆಗೆದುಕೊಂಡು ಮುಂದೆ ಕೊಡಬೇಕಾದ ಹಣದ ಲೆಕ್ಕ ಹಾಕುವ ಪ್ರೋಗ್ರಾಂ. ಇದರ ಬಗ್ಗೆ ಹೆಚ್ಚು ಹೇಳಲು ಇಲ್ಲ. ಬಟನ್ ಒತ್ತುತ್ತೀರಿ, ಕಾಯುತ್ತೀರಿ. ಮುಗಿದ ಮೇಲೆ ಲಾಗ್, ಅಂದರೆ ಅದು ಏನೇನು ಮಾಡಿತು ಎನ್ನುವ ದಾಖಲೆ, ಓದಿ. 4,977 ಸಾಲು ಕೊಟ್ಟು ಅದು 4,975 ಓದಿದ್ದರೆ ಉತ್ತರ ಎಷ್ಟೇ ಚಂದ ಇದ್ದರೂ ನಿಲ್ಲಿಸಿ.

ಫೈಲ್‌ಗೆ ತಾರೀಖು, ಆವೃತ್ತಿ ಸಂಖ್ಯೆ ಇರುವ ಹೆಸರು ಕೊಡಿ. ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಅಂತ ಮೂರು ಫೈಲ್ ಇದ್ದರೆ ಆರು ತಿಂಗಳ ಮೇಲೆ ಆಡಿಟರ್ ಬಂದಾಗ ನಿಮಗೇ ಗೊತ್ತಾಗುವುದಿಲ್ಲ.

## ಹಂತ 7: ಕಳಿಸುವ ಮೊದಲು ಕೈಲೆಕ್ಕ

ಒಂದು ಸಾಲು ಆರಿಸಿ, ಕಾಗದದ ಮೇಲೆ ಲೆಕ್ಕ ಮಾಡಿ. ಗ್ರಾಚ್ಯುಟಿಗೆ ಸುಲಭದ ಸೂತ್ರ ಇದೆ: ಗ್ರಾಚ್ಯುಟಿಗೆ ಲೆಕ್ಕಕ್ಕೆ ಬರುವ ಕೊನೆಯ ತಿಂಗಳ ವೇತನ, ಗುಣಿಸು 15, ಭಾಗಿಸು 26, ಗುಣಿಸು ಸೇವೆಯ ವರ್ಷ. 26,000 ರೂಪಾಯಿ ಸಂಬಳ, 10 ವರ್ಷ ಸೇವೆ ಅಂದರೆ 1,50,000 ರೂಪಾಯಿ. ಮಾಡೆಲ್ ಕೊಡುವ ಉತ್ತರ ಇದೇ ಆಗಿರುವುದಿಲ್ಲ. ಮುಂದೆ ಸಂಬಳ ಏರುವುದು, ಕೆಲಸ ಬಿಡುವುದು, ಬಡ್ಡಿ ಎಲ್ಲ ಅದರಲ್ಲಿ ಸೇರಿರುತ್ತದೆ. ಆದರೆ ಅದು 15 ಲಕ್ಷ ಅಂದರೆ ಎಲ್ಲೋ ಒಂದು ಸೊನ್ನೆ ಜಾಸ್ತಿ ಬಿದ್ದಿದೆ.

ಅನುಮಾನ ಪಡಬೇಕಾದ ಗುರುತುಗಳು ಇವು. ಉತ್ತರ ಕಳೆದ ಸಲದ್ದೇ ಇದ್ದರೆ, ಬಹುಶಃ ಹಳೆ ಫೈಲೇ ಓಡಿದೆ. ಎಲ್ಲ ಚೆಕ್‌ಗಳೂ ಮೊದಲ ಸಲವೇ ಪಾಸಾದರೆ, ಚೆಕ್ ಸೂತ್ರವೇ ಕೆಲಸ ಮಾಡದೇ ಇರಬಹುದು; ಬೇಕಂತಲೇ ಒಂದು ತಪ್ಪು ಹಾಕಿ ಹಿಡಿಯುತ್ತದಾ ನೋಡಿ. ಕೆಲವು ಪಾಲಿಸಿಗಳಿಗೆ ಮೀಸಲು ಋಣಾತ್ಮಕ ಬಂದಿದ್ದರೆ ಹೆದರಿ ಸೊನ್ನೆ ಮಾಡಬೇಡಿ. ಟರ್ಮ್ ಪಾಲಿಸಿಯಲ್ಲಿ ಅದು ಸಹಜವಾಗಿಯೇ ಬರಬಹುದು. ಕೇಳಿ.

ಮೇಲ್‌ನಲ್ಲಿ ಐದು ಸಾಲು ಸಾಕು. ಏನು ಬಂತು, ಏನು ಹೊಂದಿತು, ಏನು ಹೊಂದಲಿಲ್ಲ, ನಾನು ಏನು ಊಹಿಸಿಕೊಂಡೆ, ನಿಮ್ಮಿಂದ ಯಾವ ಉತ್ತರ ಬೇಕು. ಹೊಂದದೇ ಇದ್ದದ್ದನ್ನು ಕೊನೆಯ ಸಾಲಿನಲ್ಲಿ ಬಚ್ಚಿಡಬೇಡಿ.

## ಹಂತ 8: ಕೆಲಸದ ಜೊತೆ ಓದು

ಪರೀಕ್ಷೆ ವರ್ಷಕ್ಕೆ ಎರಡು ಸಲ. ಮಾರ್ಚ್ 31ರ ಲೆಕ್ಕ ಮುಗಿಯುವವರೆಗೆ, ಅಂದರೆ ಏಪ್ರಿಲ್ ಪೂರ್ತಿ, ರಾತ್ರಿ ಓದುವ ಆಸೆ ಬಿಡಿ. ಓದಲು ಎಷ್ಟು ದಿನ ರಜೆ ಕೊಡುತ್ತಾರೆ, ಫೇಲಾದರೆ ಏನು ಅನ್ನುವುದನ್ನು ಸೇರುವಾಗಲೇ ಕೇಳಿ ಬರೆಸಿಕೊಳ್ಳಿ. ಒಂದು ಸಲಕ್ಕೆ ಒಂದು ಪೇಪರ್, ಹೆಚ್ಚೆಂದರೆ ಎರಡು. ಕಾಲೇಜಿನಲ್ಲಿದ್ದಾಗ ಮೂರು ಬರೆದಿದ್ದೆ ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಮನೆಯಿಂದ ಕೆಲಸ ಮಾಡುವವರು ಲ್ಯಾಪ್‌ಟಾಪ್ ಹಿಡಿದು ಬೆಣ್ಣೆ ದೋಸೆ ಹೋಟೆಲ್‌ನಲ್ಲಿ ಕೂರಬೇಡಿ. ಪರದೆಯ ಮೇಲೆ ಯಾರದೋ ಸಂಬಳ, ಯಾರದೋ ಕಾಯಿಲೆ ಇರುತ್ತದೆ. ಫೈಲನ್ನು ಸ್ವಂತ ಮೇಲ್‌ಗೋ ವಾಟ್ಸಾಪ್‌ಗೋ ಕಳಿಸಿಕೊಂಡರೆ ಕೆಲಸ ಹೋಗಬಹುದು.

## ಯಾವಾಗ ತಾಳ್ಮೆ ಸಾಕು?

ಚಿಲ್ಲರೆ ಕೆಲಸ ಎಲ್ಲಾ ಕಾಲಕ್ಕೂ ತರಬೇತಿ ಆಗಿರುವುದಿಲ್ಲ. ಒಂದು ವರ್ಷದ ಮೇಲೂ ಅದೇ ಫೈಲ್, ಅದೇ ಕಾಲಂ, ಯಾರೂ ಯಾಕೆ ಅಂತ ವಿವರಿಸುವುದಿಲ್ಲ ಅಂದರೆ ಬಾಯಿ ಬಿಟ್ಟು ಕೇಳಿ. ‘ಈ ಚೆಕ್ ನಾನು ಆರ್‌ನಲ್ಲಿ ಬರೆದುಕೊಡಲಾ?’ ಅಂತ ಕೇಳುವುದು ದೂರುವುದಕ್ಕಿಂತ ಒಳ್ಳೆಯ ದಾರಿ. ಎರಡು ದಿನದ ಕೆಲಸ ಎರಡು ಗಂಟೆಗೆ ಬಂದರೆ ಮುಂದಿನ ಕೆಲಸ ತಾನಾಗಿ ಬರುತ್ತದೆ. ಬರದಿದ್ದರೆ ಬೇರೆ ಕಡೆ ನೋಡಿ. ಹೊಂದದ ಲೆಕ್ಕವನ್ನು ‘ಹೊಂದಿದೆ’ ಅಂತ ಬರೆಯಲು ಯಾರಾದರೂ ಹೇಳಿದರೆ ಒಂದು ವರ್ಷ ಕಾಯುವುದೇ ಬೇಡ. ಇನ್‌ಸ್ಟಿಟ್ಯೂಟ್‌ನ ವೃತ್ತಿ ನಡತೆಯ ನಿಯಮ ವಿದ್ಯಾರ್ಥಿ ಸದಸ್ಯರಿಗೂ ಅನ್ವಯಿಸುತ್ತದೆ.

## ಮನೆಯಲ್ಲೇ ಅಭ್ಯಾಸ ಮಾಡುವುದು ಹೇಗೆ

ನಿಜವಾದ ಡೇಟಾ ಬೇಕಿಲ್ಲ. 300 ಸಾಲಿನ ಒಂದು ಕಾಲ್ಪನಿಕ ನೌಕರರ ಪಟ್ಟಿ ನೀವೇ ಮಾಡಿ. ಒಟ್ಟುಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ಆಮೇಲೆ ಗೆಳೆಯನಿಗೆ ಕೊಟ್ಟು, ಅದರಲ್ಲಿ ಹತ್ತು ತಪ್ಪು ಹಾಕಿಕೊಡು ಅನ್ನಿ. ಯಾವ ತಪ್ಪು ಅಂತ ಅವನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ನಿಮಗೆ 45 ನಿಮಿಷ.

ನನ್ನ ಹತ್ತಿರ ಬರುವವರು ಮೊದಲ ಸಲ ಆರು ಹಿಡಿಯುತ್ತಾರೆ. ಮೂರನೇ ಸಲಕ್ಕೆ ಒಂಬತ್ತು. ತಪ್ಪಿಸಿಕೊಳ್ಳುವ ಹತ್ತನೆಯದು ಹೆಚ್ಚಾಗಿ ಊರಿನ ಹೆಸರಿನ ಹಿಂದೆ ಅಂಟಿಕೊಂಡ ಆ ಒಂದು ಖಾಲಿ ಜಾಗ.